ನಕ್ಷೆ ಹಿಡಿದು ವೃಷಭಾವತಿಯ ಜಾಡಿನಲ್ಲಿ



ಕಾಡಿನಲ್ಲಿ ದಾರಿ ತಪ್ಪಿದವನಿಗೆ ಹಿರಿಯರು ಹೇಳುವ ಬುದ್ಧಿಮಾತೊಂದಿದೆ: ಹಳ್ಳ ಹಿಡಿದು ಇಳಿ, ಊರು ಸಿಗುತ್ತದೆ. ಇಂಥ ತಿಳಿವಳಿಕೆಯನ್ನೇ ನಕ್ಷೆ ಮತ್ತು ದಿಕ್ಸೂಚಿಗಳ ನೆರವಿನಿಂದ ಕ್ರೀಡೆಯಾಗಿ ಬೆಳೆಸಿದವರು ಸ್ವೀಡನ್ನಿನ ಜನ. ಮೇಜರ್ ಅರ್ನ್ಸ್ಟ್ ಕಿಲಾಂಡರ್ 1919ರಲ್ಲಿ ಸ್ಟಾಕ್‌ಹೋಮ್ ಬಳಿ ಏರ್ಪಡಿಸಿದ ಸ್ಪರ್ಧೆಯ ನಂತರ ‘ಓರಿಯೆಂಟಿಯರಿಂಗ್’ ಜನಪ್ರಿಯವಾಯಿತು. 1961ರಲ್ಲಿ ಅದಕ್ಕೊಂದು ಅಂತರರಾಷ್ಟ್ರೀಯ ಒಕ್ಕೂಟವೂ ಸ್ಥಾಪನೆಯಾಯಿತು.

ಆಟ ಸರಳ. ಕಾಡಿನಲ್ಲೋ ಬಯಲಿನಲ್ಲೋ ಬಿಳಿ-ಕಿತ್ತಳೆ ಬಣ್ಣದ ಗುರುತುಗಳನ್ನು ಇಟ್ಟಿರುತ್ತಾರೆ. ನಕ್ಷೆಯಲ್ಲಿ ಸೂಚಿಸಿದ ಕ್ರಮದಲ್ಲಿ ಅವನ್ನು ಹುಡುಕಿ ಮುಗಿಸಬೇಕು. ದಾರಿಯ ಆಯ್ಕೆ ಆಟಗಾರನದೇ. ಹಳ್ಳಕ್ಕಿಳಿದು ನೇರವಾಗಿ ದಾಟಬೇಕೋ, ದಿಣ್ಣೆಯ ಮಗ್ಗುಲಲ್ಲಿ ಸುತ್ತಿ ಹೋಗಬೇಕೋ ಎಂಬ ತೀರ್ಮಾನದಲ್ಲೇ ಸೋಲು ಗೆಲುವು ಅಡಗಿವೆ. ಕಾಲಿನ ವೇಗವೊಂದೇ ಸಾಲದು. ನಕ್ಷೆಯ ಕಂದು ಗೆರೆಗಳು ಸಮೋನ್ನತ ರೇಖೆಗಳು, ನೀಲಿ ಗೆರೆಗಳು ನೀರು. ಕಂದು ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು. ಕಣಿವೆಯಲ್ಲಿ ಅವು ಬಾಗಿದಾಗ ಬಾಗಿನ ತುದಿ ನೀರು ಬರುವ ದಿಕ್ಕನ್ನು ತೋರಿಸುತ್ತದೆ. ಅಡಿಕೆ ತೋಟದಲ್ಲಿ ಬಸಿಗಾಲುವೆ ತೋಡುವ ಕೃಷಿಕನಿಗೆ ಈ ವಿದ್ಯೆ ಹೊಸದಲ್ಲ. ಅವನು ಕಣ್ಣಳತೆಯಲ್ಲಿ ಓದುವುದನ್ನು ನಕ್ಷೆ ಕಾಗದದ ಮೇಲೆ ಬರೆದಿದೆ, ಅಷ್ಟೆ.

ಈ ವಿದ್ಯೆಯ ಪಾಠಕ್ಕೆ ಬೆಂಗಳೂರಿನ ಪಶ್ಚಿಮ ಭಾಗ ತಕ್ಕ ಪಠ್ಯವಾಗಿದೆ. ನಗರದ ನಡುವೆ ಉತ್ತರ-ದಕ್ಷಿಣವಾಗಿ ಒಂದು ಏರು ಹಾದುಹೋಗಿದೆ. ಅದರ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಪಶ್ಚಿಮಕ್ಕೆ, ಎಂದರೆ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಕಡೆಗೆ ಬಿದ್ದದ್ದು ವೃಷಭಾವತಿಗೆ ಸೇರಿ, ಕೆಂಗೇರಿ, ಬಿಡದಿಯ ಮಾರ್ಗವಾಗಿ ಅರ್ಕಾವತಿಯನ್ನು ಕೂಡಿ ಕಾವೇರಿಗೆ ಹೋಗುತ್ತದೆ.

ಕಾರ್ತಿಕದ ಕೊನೆಯ ಒಂದು ಬೆಳಿಗ್ಗೆ ವಿದ್ಯಾರ್ಥಿಗಳ ತಂಡವೊಂದು ಕೆಂಗೇರಿಯ ಸಮೀಪದ ತುರಹಳ್ಳಿ ಕಾಡಿನ ಅಂಚಿಗೆ ಬಂದಿತೆನ್ನಿ. 2021ರಲ್ಲಿ ಇಲ್ಲಿ ವೃಕ್ಷೋದ್ಯಾನ ನಿರ್ಮಿಸುವ ಯೋಜನೆಗೆ ನಾಗರಿಕರು ವಿರೋಧ ಸೂಚಿಸಿ, ಕಾಡನ್ನು ಕಾಡಾಗಿಯೇ ಉಳಿಸಲು ಒತ್ತಾಯಿಸಿದ್ದರು. ಇಬ್ಬನಿ ಆರದ ಹುಲ್ಲು, ಹೆಬ್ಬಂಡೆಗಳು, ಕುರುಚಲು. ಬಂಡೆಯ ನೆತ್ತಿಯಲ್ಲಿ ನಿಂತು ದಿಕ್ಸೂಚಿಯ ಉತ್ತರಕ್ಕೆ ನಕ್ಷೆಯ ಉತ್ತರವನ್ನು ಹೊಂದಿಸಿದರೆ ಕಣಿವೆಯ ನೀಲಿ ಗೆರೆ ಎಲ್ಲಿದೆಯೆಂದು ತಿಳಿಯುತ್ತದೆ. ಅಲ್ಲಿಂದಿಳಿದು ಕೆಂಗೇರಿಯ ಹೊಳೆಯ ಅಂಚಿಗೆ ಬಂದಾಗ ದಿಕ್ಸೂಚಿ ಬೇಕಿಲ್ಲ, ಮೂಗೇ ದಾರಿ ತೋರಿಸುತ್ತದೆ.

ಇಲ್ಲಿ ತಂಡ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಮಳೆಗಾಲ ಮುಗಿದಿದೆ, ಹಿಂಗಾರೂ ಹಿಂದೆ ಸರಿಯುತ್ತಿದೆ. ಬಯಲುಸೀಮೆಯ ಸಣ್ಣ ಹೊಳೆ ಈ ಹೊತ್ತಿಗೆ ತೆಳುವಾಗಬೇಕಿತ್ತು. ವೃಷಭಾವತಿಯಾದರೋ ಬೇಸಿಗೆಯಲ್ಲೂ ಬತ್ತುವುದಿಲ್ಲ. ಈ ನೀರು ಯಾರದು?

ಅದು ಬಹುಮಟ್ಟಿಗೆ ಊರಿನ ಬಳಕೆಯ ನೀರು. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ, ವಿದ್ಯುತ್ ವ್ಯಯಿಸಿ ಎತ್ತಿ ತಂದ ಕಾವೇರಿಯ ನೀರು ಮನೆಮನೆಯ ನಲ್ಲಿಯಲ್ಲಿ ಹರಿದು, ಪಾತ್ರೆ ತೊಳೆದು, ಶೌಚಾಲಯ ತೊಳೆದು ಇಲ್ಲಿಗೆ ಇಳಿಯುತ್ತದೆ. ಕಾರ್ಖಾನೆಗಳ ಕೊಳೆಯೂ ಅದಕ್ಕೆ ಕೂಡಿದೆ. ಸಂಸ್ಕರಣಾ ಘಟಕಗಳಿದ್ದರೂ ಹೊಳೆ ಶುದ್ಧವಾಗಿಲ್ಲ. ಕೆಳಗಿನ ಭೈರಮಂಗಲದ ರೈತರು ಈ ನೀರಿನಲ್ಲೇ ಮೇವಿನ ಹುಲ್ಲು ಬೆಳೆಯುತ್ತಾರೆ. ಆ ಹುಲ್ಲನ್ನು ತಿಂದ ಹಸುವಿನ ಹಾಲು ಮತ್ತೆ ಮನುಷ್ಯನ ಲೋಟಕ್ಕೇ ಬರುತ್ತದೆ. ತಲಕಾವೇರಿಯ ಬೆಟ್ಟದಲ್ಲಿ ಹುಟ್ಟಿದ ನೀರು ಮೋರಿಯಾಗಿ ತನ್ನ ತಾಯಹೊಳೆಗೇ ಮರಳುವ ಈ ವೃತ್ತಾಂತವನ್ನು ನಕ್ಷೆಯ ನೀಲಿ ಗೆರೆ ತಾನಾಗಿ ಹೇಳುವುದಿಲ್ಲ. ಕಾಲ್ನಡಿಗೆಯಲ್ಲಿ ಹೋದವರಿಗೆ ಅದು ಕಾಣದೆ ಇರುವುದೂ ಇಲ್ಲ.

ಹೊಳೆಯ ಜಾಡನ್ನು ಮೇಲಕ್ಕೆ ಹಿಡಿದು, ನಾಯಂಡಹಳ್ಳಿ, ಗಾಳಿ ಆಂಜನೇಯ ದೇವಸ್ಥಾನಗಳನ್ನು ದಾಟಿದರೆ ಸಂಜೆಗೆ ಬಸವನಗುಡಿ. ವೃಷಭಾವತಿ ಹುಟ್ಟುವುದು ದೊಡ್ಡ ಬಸವಣ್ಣನ ಪಾದದಲ್ಲಿ ಎಂಬುದು ಜನರ ನಂಬಿಕೆ. ಹೊಳೆಯ ಹೆಸರಿನಲ್ಲೇ ಬಸವನಿದ್ದಾನೆ. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ ಇತ್ತೀಚೆಗೆ ಹಲವು ದಿನ ನಡೆಯುತ್ತಿದೆ. ರಸ್ತೆಯ ಎರಡೂ ಬದಿ ಕಾಯಿಯ ರಾಶಿ, ಸೇರಿನಲ್ಲಿ ಅಳೆದು ಸುರಿಯುವ ಸದ್ದು, ಹುರಿದ ಕಾಯಿಯ ಕಂಪು, ಪೀಪಿ ಊದುವ ಮಕ್ಕಳು. ಬೆಳೆ ತಿನ್ನುತ್ತಿದ್ದ ಬಸವ ಕಲ್ಲಾದನೆಂದೂ, ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಗಳ ರೈತರು ಅಂದಿನಿಂದ ಮೊದಲ ಫಸಲನ್ನು ಅವನಿಗೆ ಒಪ್ಪಿಸಿದರೆಂದೂ ಐತಿಹ್ಯ. ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ. ಆದರೂ ಇಲ್ಲಿಯ ಕೆಂಪು ಮರಳುಮಿಶ್ರಿತ ಮಣ್ಣು ಅದನ್ನು ತನ್ನದಾಗಿಸಿಕೊಂಡಿತು. ಮುಂಗಾರಿನಲ್ಲಿ ಬಿತ್ತಿದ್ದು ಕೈಸೇರುವ ಹೊತ್ತಿಗೇ ಪರಿಷೆ ನೆರೆಯುತ್ತದೆ. ಆ ರೈತರ ಹೊಲಗಳು ಇಂದು ಬಡಾವಣೆಗಳಾಗಿವೆ. ಕಾಯಿ ದೂರದೂರುಗಳಿಂದ ಬರುತ್ತದೆ. ಹೊಲ ಹೋದರೂ ಹಬ್ಬ ಉಳಿದಿದೆ. ಹೊಳೆಯ ಹೆಸರು ಉಳಿದಿದ್ದರೂ ನೀರು ಕೆಟ್ಟಿದೆ.

ದಣಿದ ಕಾಲುಗಳನ್ನು ಚಾಚಿ ಕುಳಿತು ಕಾಯಿ ಸುಲಿಯುತ್ತಾ ನಡೆದ ದಾರಿಯನ್ನು ಮೆಲುಕು ಹಾಕುವ ತಂಡಕ್ಕೆ ಇದು ಪುಸ್ತಕ ಕಲಿಸಲಾರದ ಪಾಠ. ನೆರೆದ ಜನರಲ್ಲಿ ಹಿರಿಯರೊಬ್ಬರು ಸಿಕ್ಕರೆ, ಹೊಳೆಯಲ್ಲಿ ಈಜಿದ ನೆನಪು ಅವರಿಗಿದೆಯೇ ಎಂದು ಕೇಳಬೇಕು.

ಮಲೆನಾಡಿನ ಪ್ರತಿ ಶಾಲೆಯೂ ಈ ಚಳಿಗಾಲದಲ್ಲಿ ಇಂಥದೊಂದು ದಿನವನ್ನು ಇಟ್ಟುಕೊಳ್ಳಲಿ. ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ 2 ಸೆಂಟಿಮೀಟರ್ ಎಂದರೆ ನೆಲದ ಮೇಲೆ 1 ಕಿಲೋಮೀಟರ್; ಊರಿನ ಹಳ್ಳವನ್ನು ಗುರುತಿಸಲು ಅಷ್ಟು ಸಾಕು. ಮಕ್ಕಳು ಒರತೆಯಿಂದ ಹೊರಟು ಹಳ್ಳ ಹಿಡಿದು ಇಳಿಯಲಿ, ಎಲ್ಲಿ ನೀರು ಕೆಡುತ್ತದೆಯೋ ಅಲ್ಲಿ ಗುರುತು ಹಾಕಲಿ. ಸಂಜೆ ಊರಿನವರೆಲ್ಲ ಸೇರಿ, ಹುರಿಗಡಲೆ, ಬೆಲ್ಲ ಹಂಚಿಕೊಂಡು ಆ ನಕ್ಷೆಯನ್ನು ಮುಂದಿಟ್ಟು ಮಾತಾಡಲಿ. ವೃಷಭಾವತಿಯ ದಡದಲ್ಲಿ ತಡವಾಗಿ ಎದ್ದ ಪ್ರಶ್ನೆ ಇಲ್ಲಿ ಸಕಾಲದಲ್ಲಿ ಏಳಲಿ.