ಪ್ರೊಸೆಸರ್‌ಗೆ ಏನೇನು ಗೊತ್ತು?

(ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಪಾಲಕರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: "ಹಳೆಯ ಕಂಪ್ಯೂಟರ್ ಕಡಿಮೆ ಬೆಲೆಗೆ ಸಿಗುತ್ತಿದೆ, ಮಗಳಿಗೆ ಕೊಡಿಸಬಹುದೇ ಸರ್?" ಇದಕ್ಕೆ ಉತ್ತರಿಸಲು ರ‍್ಯಾಮ್, ಹಾರ್ಡ್‌ಡಿಸ್ಕ್ ನೋಡಿದರೆ ಸಾಲದು. ಅದರ ಪ್ರೊಸೆಸರ್‌ಗೆ ಏನೇನು ಗೊತ್ತು ಎಂಬುದನ್ನೂ ನೋಡಬೇಕು.

ಪ್ರತಿ ಪ್ರೊಸೆಸರ್‌ಗೂ ತಿಳಿದಿರುವ ಆದೇಶಗಳ ಒಂದು ಪಟ್ಟಿ ಇರುತ್ತದೆ: ಕೂಡು, ಕಳೆ, ಹೋಲಿಸು, ಮೆಮೊರಿಯಿಂದ ತಾ. ಇದೇ ಇನ್‌ಸ್ಟ್ರಕ್ಷನ್ ಸೆಟ್. ನಾವು ಯಾವ ಭಾಷೆಯಲ್ಲಿ ಪ್ರೋಗ್ರಾಂ ಬರೆದರೂ ಕೊನೆಗೆ ಅದು ಈ ಆದೇಶಗಳ ರೂಪದಲ್ಲಿಯೇ ನಡೆಯಬೇಕು. ಮೂಲ ಪಟ್ಟಿಗೆ ಸೇರಿಸಿದ ಹೆಚ್ಚುವರಿ ಆದೇಶಗಳ ಗುಂಪೇ ಎಕ್ಸ್‌ಟೆನ್ಷನ್. ಟ್ರ್ಯಾಕ್ಟರಿಗೆ ರೋಟವೇಟರ್ ಇದ್ದರೆ ಹೊಲ ಬೇಗ ಹದವಾಗುತ್ತದೆ. ಇಲ್ಲದವರು ನೇಗಿಲು, ಕುಂಟೆ ಹೊಡೆದು ಅದೇ ಹೊಲವನ್ನು ಹದ ಮಾಡುತ್ತಾರೆ. ಹಾಗೆಯೇ ಇದೂ. ಚಿತ್ರ, ಧ್ವನಿಯ ಕೆಲಸ ಬೇಗ ಆಗಲೆಂದು ಇಂಟೆಲ್ 1997ರಲ್ಲಿ 'ಎಂಎಂಎಕ್ಸ್' ಹೆಸರಿನಲ್ಲಿ 57 ಹೊಸ ಆದೇಶಗಳನ್ನು ಸೇರಿಸಿತು.

ನಮ್ಮ ರಾಜ್ಯದ್ದೇ ಉದಾಹರಣೆ ಕೇಳಿ. ಇಂಟೆಲ್‌ನ ಬೆಂಗಳೂರು ಕೇಂದ್ರದಲ್ಲಿ ರೂಪುಗೊಂಡ, ಆರು ಕೋರ್‌ಗಳ 'ಡನಿಂಗ್ಟನ್' ಸರ್ವರ್ ಪ್ರೊಸೆಸರ್ 2008ರ ಸೆಪ್ಟೆಂಬರ್‌ನಲ್ಲಿ ಹೊರಬಂತು. ಎರಡೇ ತಿಂಗಳ ನಂತರ, ನವೆಂಬರ್‌ನಲ್ಲಿ, ಇಂಟೆಲ್‌ನ ಮೊದಲ ಕೋರ್ ಐ7 ಬಂತು. ಡನಿಂಗ್ಟನ್‌ನಲ್ಲಿ ಇಲ್ಲದ 'ಪಾಪ್‌ಕೌಂಟ್' ಎಂಬ ಆದೇಶ ಇದರಲ್ಲಿತ್ತು. ಒಂದು ಸಂಖ್ಯೆಯ ಬೈನರಿ ರೂಪದಲ್ಲಿ ಎಷ್ಟು 1 ಇವೆಯೆಂದು ಎಣಿಸುವುದು ಅದರ ಕೆಲಸ, ಅಷ್ಟೇ. ಆದರೆ 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿ ಈ ಆದೇಶವಿಲ್ಲದ ಪ್ರೊಸೆಸರ್ ಮೇಲೆ ಆರಂಭವೇ ಆಗುವುದಿಲ್ಲ. ಹಳೆಯ ಕೋರ್ 2 ಡುಯೋ ಕಂಪ್ಯೂಟರ್‌ಗಳೂ ಇದೇ ಸಾಲಿನಲ್ಲಿವೆ.

ಹಾಗೆಂದು ಅವು ಗುಜರಿಗೆ ಹೋಗಬೇಕಿಲ್ಲ. ಮೂಲ ಆದೇಶಗಳನ್ನಷ್ಟೇ ಬೇಡುವ ಲಿನಕ್ಸ್ ಆವೃತ್ತಿಗಳಿವೆ. ಪ್ರೋಗ್ರಾಮಿಂಗ್ ಕಲಿಯಲು ಅಷ್ಟು ಸಾಕು. ಲಿನಕ್ಸ್‌ನಲ್ಲಿ 'ಎಲ್‌ಎಸ್‌ಸಿಪಿಯು' ಎಂದು ಟೈಪ್ ಮಾಡಿದರೆ ಯಾವ ಎಕ್ಸ್‌ಟೆನ್ಷನ್ ಇವೆಯೆಂದು ಪಟ್ಟಿ ಬರುತ್ತದೆ. ದುಡ್ಡು ಕೊಡುವ ಮುನ್ನ ನೋಡಿಕೊಳ್ಳಿ.

ಪ್ರೋಗ್ರಾಂ ಬರೆಯುವವರಿಗೂ ಒಂದು ಮಾತು. 2010ರಲ್ಲಿ ಬರ್ಕ್ಲಿಯಲ್ಲಿ ಆರಂಭವಾದ 'ರಿಸ್ಕ್-ಫೈವ್' ಎಂಬ ಮುಕ್ತ ಇನ್‌ಸ್ಟ್ರಕ್ಷನ್ ಸೆಟ್‌ನಲ್ಲಿ ಗುಣಾಕಾರ, ಭಾಗಾಕಾರಗಳೂ ಐಚ್ಛಿಕ. ಐಐಟಿ ಮದ್ರಾಸಿನ 'ಶಕ್ತಿ', ಸಿ-ಡ್ಯಾಕ್‌ನ 'ವೇಗ' ಪ್ರೊಸೆಸರ್‌ಗಳು ಇದನ್ನೇ ಆಧರಿಸಿವೆ. ಗುಣಾಕಾರದ ಆದೇಶ ಇಲ್ಲದಿದ್ದರೆ ಕೂಡುತ್ತ ಕೂಡುತ್ತ ಅದೇ ಉತ್ತರ ಪಡೆಯಬಹುದು. ಸಮಯ ಹೆಚ್ಚು ಹಿಡಿಯುತ್ತದೆ, ಉತ್ತರ ತಪ್ಪಾಗುವುದಿಲ್ಲ. ಆದ್ದರಿಂದ ಒಳ್ಳೆಯ ಪ್ರೋಗ್ರಾಂ ಮೊದಲು ಪ್ರೊಸೆಸರನ್ನು "ನಿನಗಿದು ಗೊತ್ತೇ?" ಎಂದು ಕೇಳುತ್ತದೆ, ಗೊತ್ತಿಲ್ಲವೆಂದರೆ ನಿಧಾನದ ದಾರಿ ಹಿಡಿಯುತ್ತದೆ.

ಮಿತ್ರರೇ, ಮುಂದೆ ನೀವು ಬರೆಯುವ ಪ್ರೋಗ್ರಾಂ ಬೆಂಗಳೂರಿನ ಹೊಸ ಯಂತ್ರದಲ್ಲಿ ಮಾತ್ರವಲ್ಲ, ಮಸ್ಕಿಯ ಬಡ ವಿದ್ಯಾರ್ಥಿಯ ಹಳೆಯ ಯಂತ್ರದಲ್ಲೂ ನಡೆಯಲಿ. ಆ ಎರಡನೆಯ ದಾರಿಯನ್ನು ಬಿಟ್ಟುಬಿಡಬೇಡಿ.