ಕುದುರೆಯ ರಕ್ತ: ಒತ್ತಡ ಬೇರೆ, ಹರಿವು ಬೇರೆ

ಕುದುರೆ ನಿಂತೇ ನಿದ್ದೆ ಮಾಡುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಗಾಢ ನಿದ್ದೆಗಾಗಿ ಅದು ನೆಲಕ್ಕೊರಗುವುದೂ ಉಂಟು; ಆದರೆ ಅದು ಸ್ವಲ್ಪ ಹೊತ್ತು ಮಾತ್ರ. 500 ಕಿಲೋಗ್ರಾಂ ತೂಗುವ ಆ ದೇಹ ಗಂಟೆಗಟ್ಟಲೆ ಅಲುಗದೆ ಬಿದ್ದಿರುವುದಕ್ಕೆ ಒಗ್ಗಿದುದಲ್ಲ. ಹೀಗಿರುವಾಗ, ಅದಕ್ಕೆ ಹೊಟ್ಟೆಶೂಲೆ ಬಂದು, ಕರುಳು ತಿರುಚಿಕೊಂಡು, ಶಸ್ತ್ರಕ್ರಿಯೆಯೊಂದೇ ದಾರಿ ಎಂದಾದರೆ ಗತಿಯೇನು? ಅರಿವಳಿಕೆ ಕೊಟ್ಟು ಎರಡು ಮೂರು ಗಂಟೆ ಮಲಗಿಸಲೇಬೇಕು. ಶಸ್ತ್ರಕ್ರಿಯೆ ಸರಿಯಾಗಿ ನಡೆದು, ಹೊಲಿಗೆಯೂ ಮುಗಿದು, ಕುದುರೆ ಮಾತ್ರ ಮೇಲೇಳಲಾರದೆ ಹೋದ ನಿದರ್ಶನಗಳು ಪಶುವೈದ್ಯರಿಗೆ ಹೊಸವಲ್ಲ. ಹೀಗೇಕಾಗುತ್ತದೆ, ಅದನ್ನು ತಡೆಯಲು ಕೊಡುವ ಔಷಧಿಗಳು ಮಾಡುವುದೇನು ಎಂಬುದನ್ನು ಕುರಿತು ಈಗ ನಾಲ್ಕು ಮಾತು.

ರಕ್ತದ ಒತ್ತಡವನ್ನು ಅಳೆದ ಆರಂಭದ ಪ್ರಯೋಗಗಳಲ್ಲಿ ಕುದುರೆಯ ಮೇಲೆ ನಡೆದವೂ ಸೇರಿವೆ. ಇಂಗ್ಲೆಂಡಿನ ಟೆಡಿಂಗ್ಟನ್ ಎಂಬ ಊರಿನ ಪಾದ್ರಿ ಸ್ಟೀಫನ್ ಹೇಲ್ಸ್ ಅವರು ಹೆಣ್ಣು ಕುದುರೆಯೊಂದನ್ನು ಕೆಡವಿ ಕಟ್ಟಿಸಿ, ಅದರ ತೊಡೆಯ ಧಮನಿಗೆ ಹಿತ್ತಾಳೆಯ ಕೊಳವೆ ಸೇರಿಸಿ, ಅದಕ್ಕೆ ಉದ್ದವಾದ ಗಾಜಿನ ನಳಿಗೆಯನ್ನು ಜೋಡಿಸಿದರು. ರಕ್ತ ಹೃದಯದ ಮಟ್ಟಕ್ಕಿಂತ 8 ಅಡಿ 3 ಅಂಗುಲ ಮೇಲೇರಿತು. ಈ ವಿವರವೆಲ್ಲ 1733ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿದೆ. ಈಗ ಅಂಥ ಹಿಂಸೆ ಬೇಕಿಲ್ಲ. ಅರಿವಳಿಕೆಯಲ್ಲಿರುವ ಕುದುರೆಯ ಮುಖದ ಸಣ್ಣ ಧಮನಿಯೊಂದಕ್ಕೆ ತೆಳುವಾದ ನಳಿಗೆ ತೂರಿಸಿ, ಒತ್ತಡವನ್ನು ಪಾದರಸದ ಮಿಲಿಮೀಟರುಗಳಲ್ಲಿ ಓದುತ್ತಾರೆ.

ಐಸೊಫ್ಲೂರೇನಿನಂಥ ಅರಿವಳಿಕೆಯ ಅನಿಲಗಳು ನಿದ್ದೆ ಬರಿಸುವುದರ ಜೊತೆಗೆ ಹೃದಯದ ಬಡಿತದ ಬಲವನ್ನು ಕುಗ್ಗಿಸುತ್ತವೆ, ರಕ್ತನಾಳಗಳನ್ನು ಸಡಿಲಗೊಳಿಸುತ್ತವೆ. ಸರಾಸರಿ ಒತ್ತಡ 70 ಮಿಲಿಮೀಟರಿಗಿಂತ ಕೆಳಕ್ಕೆ ಇಳಿಯಗೊಡಬಾರದೆಂಬುದು ವೈದ್ಯರು ಪಾಲಿಸುವ ನಿಯಮ. ಹೇಲ್ಸರ ನಳಿಗೆಯ ಲೆಕ್ಕದಲ್ಲಿ ಇದು ಸುಮಾರು 3 ಅಡಿ ರಕ್ತ. ಅದಕ್ಕಿಂತ ಇಳಿದರೆ, ದೇಹದ ಭಾರಕ್ಕೆ ಸಿಕ್ಕಿ ಅದುಮಿಹೋದ ಸ್ನಾಯುಗಳ ಒಳಕ್ಕೆ ರಕ್ತ ನುಗ್ಗಲಾರದು. ರಕ್ತ ಸೇರದ ಸ್ನಾಯು ಕೆಡುತ್ತದೆ. ಕೆಟ್ಟ ಸ್ನಾಯುವಿನಿಂದ ಕುದುರೆ ಏಳಲಾರದು. ಎದ್ದೇ ತೀರುತ್ತೇನೆಂದು ತಡಬಡಿಸಿ ಕಾಲು ಮುರಿದುಕೊಳ್ಳುವುದೂ ಉಂಟು.

ಹಾಗಾದರೆ ಒತ್ತಡವನ್ನು ಏರಿಸಿಬಿಟ್ಟರಾಯಿತಲ್ಲ ಎನ್ನಬಹುದು. ವಿಷಯದ ಗಂಟು ಇರುವುದೇ ಇಲ್ಲಿ. ನೀರಾವರಿ ಕಾಲುವೆಯನ್ನು ನೆನೆದುಕೊಳ್ಳಿ. ಗದ್ದೆಗಳಿಗೆ ನೀರು ಬಿಡುವ ಮಡೆಗಳನ್ನೆಲ್ಲ ಕಟ್ಟಿಬಿಟ್ಟರೆ ಕಾಲುವೆಯಲ್ಲಿ ನೀರಿನ ಮಟ್ಟ ಥಟ್ಟನೆ ಏರುತ್ತದೆ. ದಡದ ಮೇಲೆ ನಿಂತು ನೋಡಿದವನಿಗೆ ನೀರು ಸಮೃದ್ಧಿಯಾಗಿ ಕಾಣುತ್ತದೆ. ಗದ್ದೆ ಮಾತ್ರ ಒಣಗುತ್ತಿರುತ್ತದೆ. ದೇಹದಲ್ಲಿಯೂ ಹಾಗೆಯೇ. ಒತ್ತಡವನ್ನು ಏರಿಸಲು ಎರಡು ದಾರಿ: ಹೃದಯ ಹೆಚ್ಚು ರಕ್ತವನ್ನು ನೂಕುವಂತೆ ಮಾಡುವುದು ಒಂದು, ನಾಳಗಳನ್ನು ಬಿಗಿಸುವುದು ಇನ್ನೊಂದು. ಅಳತೆಯ ಯಂತ್ರಕ್ಕೆ ಎರಡೂ ಒಂದೇ. ಸ್ನಾಯುವಿಗೆ ಒಂದೇ ಅಲ್ಲ. ಫಿನೈಲೆಫ್ರಿನ್ ಎಂಬ ಔಷಧಿ ನಾಳಗಳನ್ನು ಬಿಗಿಯುವುದರಲ್ಲಿ ಗಟ್ಟಿಗ. ಒತ್ತಡವೇನೋ ಏರುತ್ತದೆ, ಆದರೆ ಸ್ನಾಯುವಿಗೆ ಹೋಗುವ ರಕ್ತ ಅದಕ್ಕೆ ತಕ್ಕಂತೆ ಹೆಚ್ಚುವುದಿಲ್ಲ.

ಇಲ್ಲಿ ಡೋಪಮಿನ್ ಎಂಬ ವಸ್ತುವಿನ ಮಾತು ಬರುತ್ತದೆ. ಇದನ್ನು ಮೊದಲು ತಯಾರಿಸಿದ್ದು 1910ರಲ್ಲಿ, ಲಂಡನ್ನಿನ ಪ್ರಯೋಗಶಾಲೆಯಲ್ಲಿ. ದೇಹ ಅಡ್ರಿನಲಿನ್ನನ್ನು ತಯಾರಿಸುವ ದಾರಿಯಲ್ಲಿ ಇದೊಂದು ಮೆಟ್ಟಿಲು ಮಾತ್ರವೆಂದು ಬಹುಕಾಲ ಎಣಿಸಿದ್ದರು. 1950ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅವರು ಮಿದುಳಿನಲ್ಲಿ ಇದಕ್ಕೆ ಸ್ವಂತವಾದ ಕೆಲಸವಿದೆಯೆಂದು ತೋರಿಸಿದರು. 2000ದಲ್ಲಿ ನೊಬೆಲ್ ಪಾರಿತೋಷಕ ಪಡೆದವರಲ್ಲಿ ಅವರೂ ಒಬ್ಬರು. ಆದರೆ ರಕ್ತನಾಳಕ್ಕೆ ಕೊಟ್ಟ ಡೋಪಮಿನ್ ಮಿದುಳಿನೊಳಕ್ಕೆ ದಾಟಲಾರದು. ಅದರ ಆಟವೆಲ್ಲ ಹೃದಯದ ಮೇಲೆ, ನಾಳಗಳ ಮೇಲೆ.

ಈ ಆಟ ಪ್ರಮಾಣಕ್ಕೆ ತಕ್ಕಂತೆ ಬದಲಾಗುತ್ತದೆ. ಇದನ್ನು ಕೊಡುವುದು ಹನಿಹನಿಯಾಗಿ; ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಪರಿಣಾಮ ಅಡಗುತ್ತದೆ. ಅಳತೆ ಮೈಕ್ರೋಗ್ರಾಂ, ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಒಂದು ಕಿಲೋಗ್ರಾಂ ತೂಕಕ್ಕೆ ನಿಮಿಷಕ್ಕೆ 2–3 ಮೈಕ್ರೋಗ್ರಾಂ ಕೊಟ್ಟರೆ ಮೂತ್ರಜನಕಾಂಗದ ಮತ್ತು ಕರುಳಿನ ನಾಳಗಳು ಅಗಲವಾಗುತ್ತವೆ. ಹರಿವು ಹೆಚ್ಚುತ್ತದೆ, ಒತ್ತಡ ಏರದೆ ಇರಬಹುದು, ಇಳಿಯಲೂ ಬಹುದು. ಪ್ರಮಾಣ ಇನ್ನಷ್ಟು ಏರಿದಾಗ ಹೃದಯ ಬಲವಾಗಿ ಬಡಿಯುತ್ತದೆ. ಅದಕ್ಕೂ ಮೀರಿದರೆ ಅದೇ ಔಷಧಿ ನಾಳಗಳನ್ನು ಬಿಗಿಯತೊಡಗುತ್ತದೆ. ಹೃದಯದ ಬಡಿತ ತಾಳ ತಪ್ಪುವ ಭಯವೂ ಇದೆ. ಒಂದೇ ಸೀಸೆಯ ಔಷಧಿ ಮಡೆ ಬಿಡಿಸುವುದೂ ಹೌದು, ಕಟ್ಟುವುದೂ ಹೌದು.

ಆದುದರಿಂದ ಕುದುರೆಯ ವೈದ್ಯರು ಹೆಚ್ಚಾಗಿ ಇದರ ನೆಂಟನಾದ ಡೊಬುಟಮಿನ್ನನ್ನು ಆರಿಸಿಕೊಳ್ಳುತ್ತಾರೆ. 1970ರ ದಶಕದಲ್ಲಿ ಅಮೆರಿಕದಲ್ಲಿ ತಯಾರಾದ ಇದು ಮುಖ್ಯವಾಗಿ ಹೃದಯದ ಬಡಿತಕ್ಕೆ ಬಲ ಕೊಡುತ್ತದೆ. ಒತ್ತಡವೂ ಏರುತ್ತದೆ, ಸ್ನಾಯುಗಳಿಗೆ ರಕ್ತವೂ ಸೇರುತ್ತದೆ. ಇದಕ್ಕೂ ಮಿತಿಯುಂಟು, ಪ್ರಮಾಣ ಹೆಚ್ಚಾದರೆ ಇದೂ ತಾಳ ತಪ್ಪಿಸುತ್ತದೆ.

ಇನ್ನೊಂದು ಔಷಧಿಯ ಕಥೆ ವಿಚಿತ್ರ. ಅಸೆಪ್ರೊಮಜೀನ್ ಎಂಬುದು ಮಿದುಳಿನಲ್ಲಿ ಡೋಪಮಿನ್ನಿನ ಕೆಲಸವನ್ನು ತಡೆದು ಕುದುರೆಯನ್ನು ಶಾಂತಗೊಳಿಸುತ್ತದೆ. ನಾಳಗಳಲ್ಲಿ ನಾರ್‌ಅಡ್ರಿನಲಿನ್ನಿನ ಬಿಗಿತವನ್ನು ತಪ್ಪಿಸಿ ಅವುಗಳನ್ನು ಅಗಲಮಾಡುತ್ತದೆ. ಆದ್ದರಿಂದ ಒತ್ತಡ ಇಳಿಯುತ್ತದೆ. ಒತ್ತಡವೇ ಸರ್ವಸ್ವವಾಗಿದ್ದರೆ ಅರಿವಳಿಕೆಗೆ ಮುಂಚೆ ಇದನ್ನು ಕೊಡುವುದು ಅನರ್ಥವಾಗಬೇಕಿತ್ತು. ಆದರೆ 40,000ಕ್ಕೂ ಹೆಚ್ಚು ಕುದುರೆಗಳನ್ನು ಒಳಗೊಂಡು 2002ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯಲ್ಲಿ, ಶೂಲೆಯವನ್ನು ಬಿಟ್ಟು ಉಳಿದವುಗಳಲ್ಲಿಯೂ ನೂರಕ್ಕೆ ಸುಮಾರು ಒಂದು ಕುದುರೆ ಸತ್ತಿತ್ತು. ಈ ಔಷಧಿ ಪಡೆದವುಗಳಲ್ಲಿ ಅಪಾಯ ಹೆಚ್ಚಿರಲಿಲ್ಲ, ಕಡಿಮೆಯಿತ್ತು. ಇದೊಂದರಿಂದಲೇ ಉಳಿದವೆಂದು ಹೇಳಲಾಗದು. ಗಟ್ಟಿಮುಟ್ಟಾದ ಕುದುರೆಗಳನ್ನೇ ನೋಡಿ ಕೊಟ್ಟಿರಲೂಬಹುದು. ರಕ್ತ ಸೋರಿದ, ನೀರು ಬತ್ತಿದ ಕುದುರೆಗೆ ಇದನ್ನು ಕೊಡುವುದು ಅಪಾಯವೇ ಸರಿ. ಆದರೂ ಒತ್ತಡದ ಸಂಖ್ಯೆಯೊಂದನ್ನೇ ನಂಬಿ ಕೂಡಬಾರದೆಂಬ ಪಾಠವನ್ನು ಅದು ಕಲಿಸಿದೆ.

ಒತ್ತಡವನ್ನು ಕಡೆಗಣಿಸಬೇಕೆಂದು ನಾನು ಹೇಳುತ್ತಿಲ್ಲ. 70ರ ಗೆರೆ ಎಷ್ಟೋ ಕುದುರೆಗಳನ್ನು ಉಳಿಸಿದೆ. ಆದರೆ ಅನುಭವಿಯಾದ ವೈದ್ಯ ಯಂತ್ರವನ್ನು ನೋಡಿ ಸುಮ್ಮನಾಗುವುದಿಲ್ಲ. ಕುದುರೆಯ ತುಟಿಯನ್ನೆತ್ತಿ ವಸಡನ್ನು ಬೆರಳಿನಿಂದ ಒತ್ತಿ ಬಿಡುತ್ತಾನೆ. ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಿದರೆ ಅಲ್ಲಿಗೆ ರಕ್ತ ಬಂದು ಸೇರುತ್ತಿದೆಯೆಂದು ಅರ್ಥ. ಹೇಲ್ಸರೂ ಗಾಜಿನ ನಳಿಗೆಯ ಎತ್ತರವನ್ನು ಬರೆದಿಟ್ಟು ಕೈತೊಳೆದುಕೊಳ್ಳಲಿಲ್ಲ. ಹೃದಯದ ಎಡ ಕೋಣೆಗೆ ಕರಗಿದ ಮೇಣ ಹೊಯ್ದು ಅದರ ಅಳತೆ ಹಿಡಿದು, ನಾಡಿಯ ಬಡಿತದಿಂದ ಗುಣಿಸಿ, ನಿಮಿಷಕ್ಕೆ ಎಷ್ಟು ರಕ್ತ ಹೊರಡುತ್ತದೆಂದು ಲೆಕ್ಕ ಹಾಕಿದರು. ರಕ್ತ ಎಷ್ಟು ಎತ್ತರಕ್ಕೆ ಏರಿತು ಎಂಬುದರೊಡನೆ ಎಷ್ಟು ಹರಿಯಿತು ಎಂಬುದನ್ನೂ ಕೇಳಬೇಕೆಂದು ಆ ಪಾದ್ರಿಗೆ ಅಂದೇ ಹೊಳೆದಿತ್ತು. ಶಸ್ತ್ರಕ್ರಿಯೆ ಮುಗಿದ ಮೇಲೆ ಕುದುರೆ ತನ್ನ ನಾಲ್ಕು ಕಾಲಿನ ಮೇಲೆ ಎದ್ದು ನಿಲ್ಲುವುದು ಈ ಎರಡನೆಯ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ.