‘ಟಕ್’ ಅಂದ್ರೆ ಮೂಳೆ ಕೂತಿತಾ?

ಕೊಡಗಿನಲ್ಲಿ ಕಾಫಿ, ಮೆಣಸು ಕೊಯ್ಲು ಮುಗಿಯೋ ಹೊತ್ತಿಗೆ ಸೊಂಟ ಹಿಡಿಯದವರು ಅಪರೂಪ. ಮೊದಲೆಲ್ಲ ಉಳುಕು ತೆಗೆಯೋರ ಹತ್ತಿರ ಹೋಗ್ತಿದ್ರು. ಈಗ ರೀಲ್ಸ್ ನೋಡಿ ಕೈರೋಪ್ರಾಕ್ಟರ್ ಹುಡುಕ್ತೀವಿ.

ಈ ಪದ್ಧತಿ ಶುರುವಾಗಿದ್ದು 1895ರಲ್ಲಿ, ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ. ಡಿ.ಡಿ. ಪಾಮರ್ ಅನ್ನೋರು ಹಾರ್ವಿ ಲಿಲ್ಲರ್ಡ್ ಅವರ ಬೆನ್ನು ಒತ್ತಿ ಕಿವುಡು ವಾಸಿ ಮಾಡಿದೆ ಅಂದ್ರು. ಹೆಚ್ಚಿನ ರೋಗಗಳಿಗೆ ಬೆನ್ನುಮೂಳೆ ಜರುಗಿದ್ದೇ ಕಾರಣ ಅನ್ನೋದು ಅವರ ವಾದ. ಅದಕ್ಕೆ ಪುರಾವೆ ಸಿಗಲಿಲ್ಲ. ಆಮೇಲೆ ಕೆಲವರು ಹಳೇ ವಾದಕ್ಕೇ ಅಂಟಿಕೊಂಡ್ರು, ಉಳಿದವರು ಸೊಂಟ, ಕುತ್ತಿಗೆ ನೋವಿನ ಕಡೆ ಹೊರಳಿದ್ರು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತುಂಬಾ ದಿನದ ಸೊಂಟನೋವಿಗೆ ವ್ಯಾಯಾಮದ ಹಾಗೆ ಇದನ್ನೂ ಒಂದು ಆಯ್ಕೆ ಅಂತ ಹೇಳಿತು. ಅಷ್ಟೇ, ಸರ್ವರೋಗಕ್ಕೂ ಮದ್ದು ಅಂತಲ್ಲ.

ರೀಲ್ಸ್‌ನ ಆ ‘ಟಕ್’ ಸದ್ದು ಬರೋದು ಕೀಲಿನ ದ್ರವದಲ್ಲಿರೋ ಅನಿಲದ ಗುಳ್ಳೆಯಿಂದ. ಮೂಳೆ ಜಾಗಕ್ಕೆ ಕೂತ ಗುರುತಲ್ಲ. ಕುತ್ತಿಗೆಯನ್ನ ಜೋರಾಗಿ ತಿರುಗಿಸಿದಾಗ, ಅಪರೂಪಕ್ಕಾದ್ರೂ, ರಕ್ತನಾಳ ಹರಿದು ಪಾರ್ಶ್ವವಾಯು ಆಗಿರೋದುಂಟು.

ಸೊಂಟನೋವಿನ ಜೊತೆ ಕಾಲು ಮರಗಟ್ಟಿದ್ರೆ, ಮೂತ್ರ ಹತೋಟಿ ತಪ್ಪಿದ್ರೆ ಯಾರ ಕೈಗೂ ಬೆನ್ನು ಕೊಡಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಬರೀ ನೋವಾದ್ರೆ, ಮುಟ್ಟೋಕೆ ಮೊದಲು ಕೇಳಿ: ‘ನೀವು ಏನು ಓದಿದ್ದೀರಿ, ಎಲ್ಲಿ ಕಲಿತ್ರಿ?’ ಕೇಳೋಕೆ ಸಂಕೋಚ ಬೇಡ, ಬೆನ್ನು ನಿಮ್ಮದು.